ಇಬ್ಬರ ಆಫೀಸಿನ ಹಳೇ ಕಂಪ್ಯೂಟರು

ನಮ್ಮದು ಇಬ್ಬರ ಆಫೀಸು. ನಾನು ಮತ್ತು ನನ್ನ ಗೆಳೆಯ. ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ನಮ್ಮ ಕೋಣೆ. ಮನೆ ಕಟ್ಟಿಸುವವರಿಗೆ ಪ್ಲಾನು ಬರೆದು ಕೊಡುವುದು ನಮ್ಮ ಕೆಲಸ. ಮೂವತ್ತು-ನಲವತ್ತರ ಸೈಟು, ಪೂರ್ವಕ್ಕೆ ಬಾಗಿಲು, ಆಗ್ನೇಯಕ್ಕೆ ಅಡುಗೆಮನೆ, ಕೆಳಗೆ ಎರಡು ಬಾಡಿಗೆ ಮನೆ, ಮೇಲೆ ಮಾಲೀಕರು. ಹದಿನಾರು ವರ್ಷ ಹೆಚ್ಚುಕಡಿಮೆ ಇದನ್ನೇ ಬರೆದೆವು. ಉತ್ತರಹಳ್ಳಿಯಿಂದ ಬೇಗೂರಿನ ತನಕ ಎಷ್ಟೋ ಬೀದಿಗಳಲ್ಲಿ ನಾನು ಎಳೆದ ಗೆರೆಯ ಮೇಲೆ ಎದ್ದ ಗೋಡೆಗಳಿವೆ. ಅವುಗಳ ಮುಂದೆ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರಿಗೆ ಹೇಳಬೇಕು ಅನ್ನಿಸುತ್ತಿತ್ತು. ಯಾವತ್ತೂ ಹೇಳಲಿಲ್ಲ.

ಇಬ್ಬರೂ ಒಟ್ಟಿಗೆ ಸಿವಿಲ್ ಡಿಪ್ಲೊಮಾ ಓದಿದವರು. ಅವನದು ಉತ್ತರಹಳ್ಳಿಯ ಹಳೆಯ ಮನೆತನ. ಅವನ ತಂದೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲಗಳು ಲೇಔಟಾಗಿ, ಅಣ್ಣತಮ್ಮಂದಿರಿಗೆಲ್ಲ ಒಂದೊಂದು ಬಾಡಿಗೆ ಕಟ್ಟಡ ಆಗಿದೆ. ನನ್ನ ತಂದೆ ಜಯನಗರದ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದರು. ನಾವು ಬನಶಂಕರಿಯ ಬಾಡಿಗೆ ಮನೆಯಲ್ಲಿ ಬೆಳೆದವರು, ನಾನು ಈಗಲೂ ಇರುವುದು ಬಾಡಿಗೆ ಮನೆಯಲ್ಲೇ. ಈ ವ್ಯತ್ಯಾಸ ನಮ್ಮಿಬ್ಬರ ನಡುವೆ ಒಂದು ದಿನವೂ ಮಾತಿಗೆ ಬಂದದ್ದಿಲ್ಲ. ಗಿರಾಕಿಗಳನ್ನು ಕರೆತರುವುದು, ಸೈಟಿಗೆ ಹೋಗಿ ಟೇಪು ಹಿಡಿದು ಅಳೆಯುವುದು, ಅತ್ತೆ-ಸೊಸೆ ದೇವರಮನೆಯ ಜಾಗಕ್ಕೆ ಜಗಳ ಆಡಿದರೆ ಇಬ್ಬರನ್ನೂ ಒಪ್ಪಿಸುವುದು ಅವನ ಪಾಲು. ಕಂಪ್ಯೂಟರ್ ಮುಂದೆ ಕೂತು ಬರೆಯುವುದು ನನ್ನ ಪಾಲು. ಅವನಿಗೆ ಮೌಸ್ ಹಿಡಿಯಲು ಸರಿಯಾಗಿ ಬರುತ್ತಿರಲಿಲ್ಲ. ನನಗೆ ಜನರ ಹತ್ತಿರ ಮಾತು ಬರುತ್ತಿರಲಿಲ್ಲ.

ಆ ಕಂಪ್ಯೂಟರನ್ನು ಕೊಂಡು ಹನ್ನೆರಡು ವರ್ಷವಾಗಿತ್ತು. ಕೊಂಡಾಗ ಅದು ಒಳ್ಳೆಯ ಮಿಷಿನ್ನೇ. ಮೇಜಿನ ಕೆಳಗೆ ಕರಿ ಡಬ್ಬ, ಮೇಲೆ ಅಗಲದ ಮಾನಿಟರು. ಆಮೇಲೆ ಅದು ನಿಧಾನವಾಗುತ್ತಾ ಬಂತು. ಬೆಳಿಗ್ಗೆ ಸ್ವಿಚ್ ಒತ್ತಿ, ಕೋಣೆ ಗುಡಿಸಿ, ಕೆಳಗೆ ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ನಾನು ಅದಕ್ಕೆ ಹೊಂದಿಕೊಂಡಿದ್ದೆ. ಬಂದವರು ಹೊಂದಿಕೊಳ್ಳಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಬಿಟಿಎಂ ಲೇಔಟಿನಿಂದ ಗಂಡ ಹೆಂಡತಿ ಬಂದರು. ಬೇಗೂರಿನ ಹತ್ತಿರ ಸೈಟು ತೆಗೆದುಕೊಂಡಿದ್ದರು. ಪ್ಲಾನು ಇಬ್ಬರಿಗೂ ಹಿಡಿಸಿತು. ಆಕೆ ಕೇಳಿದರು, "ಸಾರ್, ತ್ರೀಡಿ ತೋರಿಸ್ತೀರಾ? ಒಳಗಡೆ ಓಡಾಡೋ ಥರ ಇರತ್ತಲ್ಲ, ಅದು."

ನಾನು ಆ ಮನೆಯನ್ನು ತ್ರೀಡಿಯಲ್ಲಿ ಮಾಡಿಟ್ಟಿದ್ದೆ. ನಾಲ್ಕು ದಿನ ಹಿಡಿದಿತ್ತು. ತೆರೆದೆ. ಬಾಗಿಲಿನ ತನಕ ಹೋಯಿತು, ನಿಂತಿತು. ಪರದೆ ಬಿಳುಚಿಕೊಂಡಿತು. ಮೌಸ್ ಅಲ್ಲಾಡಿಸಿದೆ, ಕೀಲಿಗಳನ್ನು ಒತ್ತಿದೆ. ಮೇಜಿನ ಕೆಳಗೆ ಫ್ಯಾನು ಬುಸುಗುಟ್ಟುತ್ತಿತ್ತು. ನನ್ನ ಗೆಳೆಯ ಅವರಿಗೆ ಕಾವೇರಿ ನೀರಿನ ಕನೆಕ್ಷನ್ ವಿಷಯ ಹೇಳುತ್ತಾ ಹೊತ್ತು ಕಳೆಯಲು ನೋಡಿದ. ಆಕೆಯ ಗಂಡ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಆಕೆಯೇ ಎದ್ದರು.

"ಪರ್ವಾಗಿಲ್ಲ ಸಾರ್, ಆದಾಗ ವಾಟ್ಸಾಪ್ ಮಾಡಿ."

ಮಾಡಿದೆ. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ಗೆಳೆಯ ಫೋನ್ ಮಾಡಿದಾಗ ಬೇರೆ ಕಡೆ ಕೊಟ್ಟಿದ್ದೇವೆ ಅಂದರಂತೆ.

ಹೊಸ ಕಂಪ್ಯೂಟರ್ ತರೋಣ ಅಂತ ನಾನು ಹೇಳಿದ್ದು ಆವತ್ತೇ. ಅವನು ಕಿಟಕಿಯ ಹತ್ತಿರ ನಿಂತು ರಸ್ತೆ ನೋಡುತ್ತಿದ್ದ.

"ಹೊಸದು ಈಗ್ ಬೇಡ ಮಗಾ. ನೋಡೋಣ ಇರು."

"ಹಿಂಗೇ ಬಿಟ್ರೆ ಬಂದೋರೆಲ್ಲ ಎದ್ದೋಗ್ತಾರೆ ಕಣೋ."

"ಗೊತ್ತು. ಆದ್ರೂ ಈಗ್ಲೇ ಬೇಡ."

ಖರ್ಚಿಗೆ ಹಿಂಜರಿಯುತ್ತಿದ್ದಾನೆ ಅಂದುಕೊಂಡೆ. ನಾನೂ ಹಟ ಹಿಡಿಯಲಿಲ್ಲ. ಇದನ್ನೇ ಬಿಚ್ಚಿ ಒಳಗಿನ ಭಾಗಗಳನ್ನು ಬದಲಾಯಿಸಿದರೆ ವೇಗ ಬರುತ್ತದೆ ಎಂದು ಓದಿದ್ದೆ. ವಿಡಿಯೊಗಳನ್ನು ನೋಡಿದ್ದೆ. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದು ಆ ಡಬ್ಬದ ಪಕ್ಕದ ಬಾಗಿಲು ತೆಗೆದೆ. ಒಳಗೆ ಹನ್ನೆರಡು ವರ್ಷದ ಧೂಳು ಬೂದು ಬಣ್ಣದ ಹತ್ತಿಯ ಹಾಗೆ ಕೂತಿತ್ತು. ಬಾಲ್ಕನಿಗೆ ಒಯ್ದು ಬಣ್ಣ ಬಳಿಯುವ ಬ್ರಷ್ಷಿನಿಂದ ಒರೆಸಿದೆ. ಗೆಳೆಯ ಕೆಮ್ಮುತ್ತಾ ಒಳಗೆ ಹೋದ.

ಮೊದಲು ಹಾಕಿದ್ದು ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುತ್ತದೆ, ಇದರಲ್ಲಿ ತಿರುಗುವುದೇನೂ ಇಲ್ಲ, ಅದಕ್ಕೇ ವೇಗ. ಮೆಟ್ರೊ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು, ಎಸ್‌ಪಿ ರೋಡಿನ ಒಂದು ಕಿರಿದಾದ ಅಂಗಡಿಯಲ್ಲಿ ತಂದೆ. ಅಂಗಡಿಯವರು ನನಗಿಂತ ಹಿರಿಯರು, ಕಣ್ಣಿಗೆ ದಪ್ಪ ಕನ್ನಡಕ. ನಮ್ಮ ಮಿಷಿನ್ನಿನ ವಯಸ್ಸು ಕೇಳಿ ತಲೆಯಾಡಿಸಿದರು.

"ಹಾಕಿ ಸಾರ್. ಸ್ವಲ್ಪ ಉಸಿರು ಬರತ್ತೆ."

ಹಳೆಯ ಡಿಸ್ಕಿನಲ್ಲಿದ್ದ ಹನ್ನೆರಡು ವರ್ಷದ ಪ್ಲಾನುಗಳೆಲ್ಲ ಹೊಸದಕ್ಕೆ ಹೋಗಲು ಒಂದು ಇಡೀ ಹಗಲು ಬೇಕಾಯಿತು. ಸಂಜೆ ನಾಲ್ಕರ ಹೊತ್ತಿಗೆ ಹೊಸದನ್ನು ಒಳಗೆ ಕೂರಿಸಿ ಸ್ವಿಚ್ ಒತ್ತಿದೆ. ನಾನು ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಪರದೆ ತೆರೆದಿತ್ತು. ನಂಬಲಾಗದೆ ಆರಿಸಿ ಮತ್ತೆ ಹಾಕಿದೆ. ಮೂರನೇ ಸಲ ಗೆಳೆಯನನ್ನು ಕರೆದು ತೋರಿಸಿದೆ.

"ಸೂಪರ್ ಮಗಾ," ಎಂದ. ಅವನ ಕಣ್ಣು ಕೈಯಲ್ಲಿದ್ದ ಫೋನಿನ ಮೇಲಿತ್ತು.

ಆವತ್ತು ಮನೆಗೆ ಹೋಗುವಾಗ ಹೆಂಡತಿಗೆ ಮಲ್ಲಿಗೆ ಹೂವು ಕೊಂಡೆ. ಅವಳು ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ ಮಾಡುತ್ತಾಳೆ. ಇಡೀ ದಿನ ಕಾಯಿಲೆಯವರ ಮುಖ ನೋಡಿ ಬರುವವಳು. "ಏನ್ ವಿಶೇಷ?" ಅಂದಳು. ಕಂಪ್ಯೂಟರ್ ಬೇಗ ಆನ್ ಆಯಿತು ಎಂದೆ. ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಆದರೆ ತ್ರೀಡಿ ಮನೆ ತೆರೆದರೆ ಮತ್ತೆ ಅದೇ ಕತೆ. ಬಾಗಿಲು ದಾಟುತ್ತಿತ್ತು, ಹಾಲಿನಲ್ಲಿ ನಿಲ್ಲುತ್ತಿತ್ತು. ರ‍್ಯಾಮ್ ಸಾಲದು ಎಂದು ಗೊತ್ತಾಯಿತು; ತೆರೆದ ಕೆಲಸವನ್ನು ಹಿಡಿದಿಟ್ಟುಕೊಳ್ಳುವ ನೆನಪಿನ ಪಟ್ಟಿ ಅದು. ನಮ್ಮ ಮಿಷಿನ್ನಿನ ಮುಖ್ಯ ಬೋರ್ಡಿಗೆ ಹೊಂದುವ ರ‍್ಯಾಮ್ ಈಗ ಹೊಸದಾಗಿ ಸಿಗುವುದು ಕಷ್ಟ, ಯಾರೋ ಬಳಸಿ ಬಿಟ್ಟದ್ದೇ ಗತಿ. ಎಸ್‌ಪಿ ರೋಡಿನ ಅಂಗಡಿಯವರು ಒಂದು ಡಬ್ಬದಿಂದ ಹುಡುಕಿ ಎರಡು ಪಟ್ಟಿ ಕೊಟ್ಟರು.

ಅದನ್ನು ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಮೋಡ, ಕೋಣೆಯಲ್ಲಿ ಬೆಳಕು ಸಾಲದು. ಗೆಳೆಯ ನೆಲದ ಮೇಲೆ ಮಂಡಿಯೂರಿ ಕೂತು ಫೋನಿನ ಟಾರ್ಚ್ ಹಿಡಿದಿದ್ದ. ಪಟ್ಟಿಗಳನ್ನು ಒತ್ತಿ ಕೂರಿಸಿ ಸ್ವಿಚ್ ಹಾಕಿದೆ. ಪರದೆ ಕಪ್ಪು. ಡಬ್ಬದೊಳಗಿಂದ ಉದ್ದುದ್ದ ಬೀಪ್ ಶಬ್ದ, ಒಂದರ ಹಿಂದೆ ಒಂದು. ತೆಗೆದೆ. ಪಟ್ಟಿಯ ಅಂಚಿನ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದೆ. ಹಾಗೆ ಮಾಡಬೇಕು ಅಂತ ಅಂಗಡಿಯವರು ಹೇಳಿದ್ದರು. ಮತ್ತೆ ಹಾಕಿದೆ. ಮತ್ತೆ ಬೀಪ್. ಮತ್ತೆ ತೆಗೆದೆ, ಉಜ್ಜಿದೆ.

ಟಾರ್ಚ್ ಹಿಡಿದವನು ಮೆಲ್ಲಗೆ ಹೇಳಿದ, "ಮಗಾ, ನಿನ್ಹತ್ರ ಒಂದ್ ಮಾತ್ ಹೇಳ್ಬೇಕಿತ್ತು."

"ಇರೋ, ಇದೊಂದ್ ಆಗ್ಲಿ. ಬೆಳಕು ಈ ಕಡೆ ಹಿಡಿ."

ಹಿಡಿದ. ಪಟ್ಟಿಯನ್ನು ಎರಡೂ ಹೆಬ್ಬೆರಳಿನಿಂದ ಜೋರಾಗಿ ಒತ್ತಿದೆ. ಟಕ್ ಎಂದಿತು. ಸ್ವಿಚ್ ಹಾಕಿದರೆ ಚಿಕ್ಕದೊಂದು ಬೀಪ್, ಪರದೆ ಬೆಳಗಿತು. ನಾನು ಕೂಗಿಬಿಟ್ಟೆ. ಕೆಳಗಿನ ಜೆರಾಕ್ಸ್ ಅಂಗಡಿಯವರು "ಏನಾಯ್ತು ಸಾರ್?" ಎಂದು ಕೇಳಿದರು. ನಾನು ಬಾಲ್ಕನಿಯಿಂದ ಬಗ್ಗಿ ಏನೂ ಇಲ್ಲ, ಎಲ್ಲ ಸರಿಹೋಯಿತು ಎಂದೆ. ಒಳಗೆ ಬಂದಾಗ ಗೆಳೆಯ ಪ್ಯಾಂಟಿನ ಮಂಡಿಗೆ ಹತ್ತಿದ ಧೂಳು ಕೊಡವುತ್ತಿದ್ದ.

"ಏನೋ ಹೇಳ್ಬೇಕು ಅಂದ್ಯಲ್ಲ?"

"ಏನಿಲ್ಲ ಬಿಡು. ಊಟಕ್ಕೆ ಹೋಗೋಣ ಬಾ."

ಹೋದೆವು. ದರ್ಶಿನಿಯಲ್ಲಿ ನಿಂತು ರೈಸ್‌ಬಾತ್ ತಿಂದೆವು. ಇನ್ನು ಗ್ರಾಫಿಕ್ಸ್ ಕಾರ್ಡ್ ಒಂದು ಹಾಕಿಬಿಟ್ಟರೆ ನಾವು ಯಾರಿಗೂ ಕಡಿಮೆ ಇಲ್ಲ ಎಂದು ನಾನೇ ಮಾತಾಡಿದೆ. ಅವನು ತಟ್ಟೆ ನೋಡುತ್ತಾ ಹೂಂಗುಟ್ಟಿದ. ಆ ಊಟದ ಹೊತ್ತಿನಲ್ಲಿ ನಾನು ಒಂದು ನಿಮಿಷ ಬಾಯಿ ಮುಚ್ಚಿದ್ದರೆ ಅವನು ಹೇಳಿರುತ್ತಿದ್ದ. ಈಗಲೂ ಹಾಗನ್ನಿಸುತ್ತದೆ.

ಗ್ರಾಫಿಕ್ಸ್ ಕಾರ್ಡ್ ಅಂದರೆ ಪರದೆಯ ಚಿತ್ರಗಳ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಬೇರೆ ಬೋರ್ಡು. ತ್ರೀಡಿಗೆ ಅದೇ ಮುಖ್ಯ. ತಂದದ್ದು ನಮ್ಮ ಡಬ್ಬದೊಳಗೆ ಹಿಡಿಸಲಿಲ್ಲ. ಹಾರ್ಡ್ ಡಿಸ್ಕ್ ಇಡುವ ತಗಡಿನ ಗೂಡಿಗೆ ತಾಗುತ್ತಿತ್ತು. ಬೋರ್ಡನ್ನೆಲ್ಲ ಕಳಚಿ ಹೊರಗಿಟ್ಟು ಆ ಗೂಡನ್ನು ಗರಗಸದಿಂದ ಕೊಯ್ದು ತೆಗೆದೆ. ಎಡಗೈ ತೋರುಬೆರಳು ಕೊಯ್ದುಕೊಂಡಿತು. ಮತ್ತೆ ಜೋಡಿಸಿ ಸ್ವಿಚ್ ಹಾಕಿದೆ. ಫ್ಯಾನು ಒಂದು ಸುತ್ತು ತಿರುಗಿತು, ಟಪ್ ಎಂದಿತು, ಸುಟ್ಟ ವಾಸನೆ ಬಂತು. ಎಲ್ಲ ನಿಂತಿತು.

ಹೋದದ್ದು ಎಸ್‌ಎಂಪಿಎಸ್. ಒಳಗಿನ ಎಲ್ಲಕ್ಕೂ ಕರೆಂಟು ಹಂಚುವ ಪೆಟ್ಟಿಗೆ. ಹೊಸ ಕಾರ್ಡಿನ ಹೊರೆ ತಡೆಯಲಿಲ್ಲ. ದೊಡ್ಡದು ಬೇಕೆಂದರೆ ಅಂಗಡಿಯವರು ತರಿಸಿ ಕೊಡುತ್ತೇನೆ, ಒಂದು ವಾರ ಆಗುತ್ತದೆ ಅಂದರು.

ಆ ಒಂದು ವಾರ ನಾನು ದಿನಾ ಹತ್ತು ಗಂಟೆಗೆ ಆಫೀಸಿಗೆ ಹೋದೆ. ಸತ್ತ ಕಂಪ್ಯೂಟರಿನ ಮುಂದೆ ಕೂತೆ. ಯಾರಾದರೂ ಫೋನ್ ಮಾಡಿ ಪ್ಲಾನು ಏನಾಯಿತು ಎಂದು ಕೇಳಿದರೆ ಏನು ಹೇಳಲಿ ಎಂಬ ಚಿಂತೆ ಮೊದಲ ದಿನ. ಒಂದು ಉತ್ತರವನ್ನೂ ಯೋಚಿಸಿಟ್ಟುಕೊಂಡೆ. ಎರಡನೇ ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಕೇಳಲಿಲ್ಲ. ಗೆಳೆಯ ಊರಲ್ಲಿ ಏನೋ ಕೆಲಸ ಇದೆ ಎಂದು ಬರಲಿಲ್ಲ. ನಾಲ್ಕನೇ ದಿನ ಫೋನ್ ಕೆಟ್ಟಿದೆಯೋ ಎಂದು ನನ್ನ ಮೊಬೈಲಿನಿಂದ ಆಫೀಸಿನ ನಂಬರಿಗೆ ನಾನೇ ಕರೆ ಮಾಡಿದೆ. ಅದು ಖಾಲಿ ಕೋಣೆಯಲ್ಲಿ ಚೆನ್ನಾಗಿಯೇ ಬಡಿದುಕೊಂಡಿತು. ನಾವು ಕೆಲಸ ನಿಲ್ಲಿಸಿದ್ದು ಬೆಂಗಳೂರಿನಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವಂಥ ಕೆಲಸ ನಮ್ಮ ಕೈಯಲ್ಲಿ ಇರಲಿಲ್ಲ. ನಿಧಾನದ ಮಿಷಿನ್ನಿನ ಮುಂದೆ ದಿನವಿಡೀ ಕೂತಿರುತ್ತಿದ್ದುದರಿಂದ ನನಗೆ ಕೆಲಸ ಬಹಳ ಇದೆ ಅನ್ನಿಸುತ್ತಿತ್ತು, ಅಷ್ಟೇ.

ಅದು ತಿಳಿದ ಮೇಲೂ ನಾನು ಬಿಡಲಿಲ್ಲ. ಮಿಷಿನ್ ಸರಿಯಾಗಲಿ, ಆಮೇಲೆ ಬರುತ್ತಾರೆ ಎಂದು ಹೇಳಿಕೊಂಡೆ. ದೊಡ್ಡ ಎಸ್‌ಎಂಪಿಎಸ್ ಬಂತು. ಹಾಕಿದೆ. ಬೇಗೂರು ಸೈಟಿನ ಆ ಗಂಡ ಹೆಂಡತಿಯ ಮನೆಯನ್ನು ತೆರೆದೆ. ಗೇಟು, ಮೆಟ್ಟಿಲು, ಬಾಗಿಲು, ಹಾಲು, ಅಡುಗೆಮನೆ, ಮಹಡಿ, ಎಲ್ಲಿಯೂ ತಡೆಯಿಲ್ಲದೆ ಓಡಾಡಿದೆ. ಕಿಟಕಿಯಿಂದ ಬಿಸಿಲು ಬೀಳುವ ಹಾಗೆ ಮಾಡಿದೆ. ಅವರು ಎಂದೂ ಕಟ್ಟಿಸದ ಮನೆಯಲ್ಲಿ ಅರ್ಧ ಗಂಟೆ ಅಡ್ಡಾಡಿದೆ.

ಗೆಳೆಯನಿಗೆ ತೋರಿಸಬೇಕಿತ್ತು. ಫೋನ್ ಮಾಡಿದರೆ ತೆಗೆಯಲಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಉತ್ತರಹಳ್ಳಿಯ ಬಸ್ಸು ಹತ್ತಿದೆ.

ಅವನ ಮನೆಯ ಹಿಂದೆ ಒಂದು ಖಾಲಿ ಜಾಗ ಇತ್ತು. ಹಿಂದೆ ಅವರ ಕಣ. ರಾಗಿ ಬಡಿಯುತ್ತಿದ್ದ ಜಾಗ. ಓದುವ ಕಾಲದಲ್ಲಿ ಅಲ್ಲಿ ನಾವು ಕ್ರಿಕೆಟ್ ಆಡಿದ್ದುಂಟು. ಅಲ್ಲಿ ಒಂದು ದಿನ ದೊಡ್ಡ ಕಟ್ಟಡ ಕಟ್ಟಬೇಕು, ಪ್ಲಾನು ನಾನೇ ಬರೆಯಬೇಕು ಎಂದು ಅವನು ಎಷ್ಟೋ ಸಲ ಹೇಳಿದ್ದ. ಒಂದು ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಸುಮ್ಮನೆ ಒಂದು ಬರೆದೂ ಇಟ್ಟಿದ್ದೆ.

ಬಸ್ಸಿಳಿದು ತಿರುವಿಗೆ ಬಂದಾಗ ಕಾಂಕ್ರೀಟ್ ಮಿಕ್ಸರಿನ ಸದ್ದು ಕೇಳಿಸಿತು. ಕಣದಲ್ಲಿ ಕಾಲಂಗಳ ಕಂಬಿ ಆಳೆತ್ತರ ಎದ್ದಿತ್ತು. ಮುಂದೆ ತಗಡಿನ ಬೇಲಿ, ಬೇಲಿಯ ಮೇಲೆ ದೊಡ್ಡ ಫ್ಲೆಕ್ಸು: ಐದು ಮಹಡಿಯ ಕಟ್ಟಡದ ಬಣ್ಣದ ಚಿತ್ರ, ಬಾಲ್ಕನಿಯಲ್ಲಿ ಗಿಡ, ಕೆಳಗೆ ಕಾರು, ಕಾರಿನ ಗಾಜಿನಲ್ಲಿ ಆಕಾಶ ಕೂಡ ಕಾಣುತ್ತಿತ್ತು. ಮೂಲೆಯಲ್ಲಿ ಯಾವುದೋ ಆಫೀಸಿನ ಹೆಸರು. ನಮ್ಮದಲ್ಲ.

ಗೆಳೆಯ ಬೇಲಿಯ ಒಳಗೆ ಮೇಸ್ತ್ರಿಯ ಹತ್ತಿರ ಮಾತಾಡುತ್ತಿದ್ದ. ನನ್ನನ್ನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ, ದಣಿವಿತ್ತು.

"ಯಾವಾಗ್ ಶುರು ಮಾಡಿದ್ರಿ?" ಎಂದು ಕೇಳಿದೆ.

"ಪೂಜೆ ಆಗಿ ಎರಡು ತಿಂಗಳಾಯ್ತು."

"ಪೂಜೆಗೂ ಕರೀಲಿಲ್ವಲ್ಲೋ."

"ಹೆಂಗ್ ಕರೀಲಿ? ನೀನ್ ಬಂದು ಇದನ್ನ ನೋಡ್ತಿದ್ದೆ." ಫ್ಲೆಕ್ಸಿನ ಕಡೆ ತಲೆ ಅಲ್ಲಾಡಿಸಿದ. "ಅಣ್ಣಂದ್ರು ಒಪ್ಲಿಲ್ಲ ಮಗಾ. ಒಬ್ಬೊಬ್ರೂ ಒಂದೊಂದ್ ಕಡೆಯಿಂದ ಪ್ಲಾನ್ ತಂದ್ರು. ಇವ್ರು ಬಂದು ಮೊಬೈಲಲ್ಲೇ ಇಡೀ ಬಿಲ್ಡಿಂಗ್ ತಿರುಗ್ಸಿ ತೋರಿಸ್ಬಿಟ್ರು. ನಮ್ಮಮ್ಮನೂ ನೋಡಿದ್ರು. ನಾನ್ ಒಬ್ನೇ ಏನ್ ಹೇಳ್ಲಿ?"

"ನನ್ ಹೆಸರು ಹೇಳಿದ್ಯಾ?"

ಮೇಸ್ತ್ರಿ ದೂರ ಸರಿದು ಬೀಡಿ ಹಚ್ಚಿದ.

"ಹೇಳ್ಲಿಲ್ಲ," ಅಂದ ಗೆಳೆಯ. "ಹೇಳಿ, ಅವ್ರು ಬೇಡ ಅಂದು, ಅದನ್ನ ನಿಂಗ್ ಬಂದು ಹೇಳೋದಕ್ಕಿಂತ ಇದೇ ವಾಸಿ ಅನ್ನಿಸ್ತು. ಆಫೀಸ್ ವಿಷ್ಯನೂ ಹೇಳ್ಬೇಕಿತ್ತು. ಬಾಡಿಗೆ ಅಗ್ರಿಮೆಂಟ್ ಮುಗಿಯೋ ತನಕ ಅಷ್ಟೇ ಕಣೋ ನಾನು. ಆಮೇಲ್ ಆಗಲ್ಲ. ಎಷ್ಟ್ ಸಲ ಹೇಳಕ್ಕೆ ಅಂತ ಬಂದಿದೀನಿ ಗೊತ್ತಾ? ಬಂದಾಗೆಲ್ಲ ನೀನು ಸ್ಕ್ರೂಡ್ರೈವರ್ ಹಿಡ್ಕೊಂಡು ಅದರೊಳಗೆ ತಲೆ ಹಾಕಿರ್ತಿದ್ದೆ. ಮುಖ ನೋಡಿದ್ರೆ ಬಾಯಿ ಬರ್ತಿರ್ಲಿಲ್ಲ."

"ಅದಕ್ಕೇ ಹೊಸದು ಬೇಡ ಅಂದ್ಯಾ?"

"ಹ್ಞೂಂ."

ನನ್ನ ಜೇಬಿನಲ್ಲಿ ವಿಡಿಯೊ ಇದ್ದ ಮೊಬೈಲಿತ್ತು. ಅದನ್ನು ತೆಗೆಯಲಿಲ್ಲ. ಬಯ್ಯಬೇಕು ಅನ್ನಿಸಿತು, ಬಯ್ಯಲು ಏನೂ ಸಿಗಲಿಲ್ಲ. ಅವನು ಹೇಳಿದ್ದೆಲ್ಲ ನಿಜ. ಅವನ ಅಣ್ಣನ ಜಾಗದಲ್ಲಿ ನಾನಿದ್ದರೂ ಈ ಕೆಲಸ ನನಗೆ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ಅವನ ತಾಯಿ ಹಿಂಬಾಗಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ಗುರುತಿಸಿದರು.

"ಏನಪ್ಪಾ, ಈ ಕಡೆ ಬರೋದೇ ಬಿಟ್ಬಿಟ್ಯಲ್ಲ. ಮುದ್ದೆ ಮಾಡಿದೀನಿ, ಉಂಡ್ಕೊಂಡೇ ಹೋಗು."

ಉಂಡೆ. ಆ ಮನೆಯಲ್ಲಿ ಬೇಡ ಅನ್ನಲು ನನಗೆ ಯಾವತ್ತೂ ಬಂದಿಲ್ಲ. ಗೆಳೆಯ ಪಕ್ಕದಲ್ಲಿ ಕೂತು ನನ್ನ ತಟ್ಟೆಗೆ ಸಾರು ಬಡಿಸಿದ. ಹೊರಡುವಾಗ ಗೇಟಿನ ತನಕ ಬಂದು ಹೇಳಿದ, "ಮಿಷಿನ್ ನೀನೇ ಇಟ್ಕೊ. ಟೇಬಲ್ಲು, ಪ್ರಿಂಟರ್ರು ಎಲ್ಲಾ ನಿಂದೇ. ಇನ್ನೊಂದು ಮಾತು. ತಪ್ ತಿಳ್ಕೋಬೇಡ. ಇಲ್ಲಿ ಸೈಟ್ ನೋಡ್ಕೊಳಕ್ಕೆ ಒಬ್ರು ಬೇಕು. ಕಂಬಿ, ಸಿಮೆಂಟು, ಅಳತೆ, ಇವೆಲ್ಲ ಗೊತ್ತಿರೋರು. ನೀನ್ ಬಂದ್ರೆ ನಂಗೆ ನೆಮ್ಮದಿ."

ನಾನು ಬಸ್‌ಸ್ಟಾಪಿಗೆ ನಡೆದೆ.

ಅಗ್ರಿಮೆಂಟ್ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಒಬ್ಬನೇ ನಡೆಸಿಯೇ ತೋರಿಸುತ್ತೇನೆ ಎಂದುಕೊಂಡೆ. ಹಳೆಯ ಗಿರಾಕಿಗಳ ನಂಬರ್ ಹುಡುಕಿ ಒಬ್ಬೊಬ್ಬರಿಗೂ ಮಾತಾಡಿದೆ. ಮಾತು ಬರದ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಒಬ್ಬರು, ಪದ್ಮನಾಭನಗರದ ನಿವೃತ್ತ ಟೀಚರ್ ಮೇಡಂ, ಮಹಡಿ ಎತ್ತಿಸಬೇಕು ಎಂದು ಒಪ್ಪಿಕೊಂಡರು. ಅವರ ಕಾಲಂ ಲೆಕ್ಕ ಹಾಕಿದ ಇಂಜಿನಿಯರು ಒಂದು ಫೈಲು ಕಳಿಸಿದರು. ಅದು ನನ್ನಲ್ಲಿ ತೆರೆಯಲಿಲ್ಲ. ಬರೆಯುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬೇಕು ಎಂದಿತು. ಹೊಸ ಆವೃತ್ತಿ ಹಾಕಲು ಹೋದೆ. ಅದಕ್ಕೆ ಹೊಸ ವಿಂಡೋಸ್ ಬೇಕು ಎಂದಿತು. ಹೊಸ ವಿಂಡೋಸ್ ಹಾಕಲು ಹೋದರೆ ಈ ಕಂಪ್ಯೂಟರಿನ ಪ್ರೊಸೆಸರಿಗೆ ಅದು ಆಗುವುದಿಲ್ಲ ಎಂಬ ಒಂದು ಸಾಲು ಬಂದು ನಿಂತಿತು. ಆ ಸಾಲು ಬರಲು ಒಂದು ಕ್ಷಣವೂ ತಡವಾಗಲಿಲ್ಲ.

ಎಸ್‌ಪಿ ರೋಡಿನ ಅಂಗಡಿಗೆ ಫೋನ್ ಮಾಡಿದೆ.

"ಸಾರ್, ಆ ಬೋರ್ಡ್ ಅಷ್ಟೇ ಸಾರ್, ಮುಂದಕ್ಕೆ ಹೋಗಲ್ಲ," ಎಂದರು ಅವರು. "ಬೋರ್ಡು, ಪ್ರೊಸೆಸರ್ರು ಚೇಂಜ್ ಮಾಡ್ಬೇಕು. ಅದಕ್ಕೆ ಈ ರ‍್ಯಾಮೂ ಆಗಲ್ಲ, ಅದೂ ಬೇರೆ."

"ಮೊದ್ಲೇ ಹೇಳ್ಬಾರ್ದಿತ್ತಾ ಸಾರ್?"

"ನೀವು ಸ್ಪೀಡ್ ಬೇಕು ಅಂದ್ರಿ. ಸ್ಪೀಡ್ ಬಂತಲ್ಲ ಸಾರ್?"

ಬಂದಿತ್ತು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮೇಡಂ ಎರಡು ವಾರ ಕಾದರು. ಅವರದು ದೊಡ್ಡ ಮನಸ್ಸು. ಆ ಫೈಲನ್ನು ಬೇರೆ ಕಡೆ ಕಾಗದದ ಮೇಲೆ ಪ್ರಿಂಟು ಹಾಕಿಸಿಕೊಂಡು, ಅಳತೆ ನೋಡಿ ನೋಡಿ ಮೊದಲಿನಿಂದ ಬರೆದೆ. ಬರೆದದ್ದರಲ್ಲಿ ಒಂದು ಕಾಲಂ ಒಂಬತ್ತು ಇಂಚು ಪಕ್ಕಕ್ಕೆ ಹೋಗಿತ್ತು. ಇಂಜಿನಿಯರು ಕಂಡುಹಿಡಿದರು. ಮೇಡಂ ನನಗೆ ಫೋನ್ ಮಾಡಿ, "ನಿಮ್ಗೆ ಸುಮ್ನೆ ತೊಂದ್ರೆ ಕೊಟ್ಟೆ ಕಣಪ್ಪ, ಅವ್ರೇ ಎಲ್ಲಾ ಮಾಡ್ಕೊಡ್ತಾರಂತೆ," ಎಂದರು. ಅವರ ದನಿ ಎಷ್ಟು ಮೃದುವಾಗಿತ್ತೆಂದರೆ, ಫೋನ್ ಇಟ್ಟ ಮೇಲೆ ನಾನು ಸುಮಾರು ಹೊತ್ತು ಕುರ್ಚಿಯಿಂದ ಏಳಲಿಲ್ಲ.

ಮನೆಯಲ್ಲಿ ಹೇಳಿದೆ. ಹೆಂಡತಿ ಚಪಾತಿ ಲಟ್ಟಿಸುತ್ತಿದ್ದವಳು ನಿಲ್ಲಿಸಲಿಲ್ಲ.

"ಅವ್ರು ಸೈಟಿಗೆ ಕರೀತಿದಾರೆ ಅಂದ್ರಲ್ಲ, ಹೋಗಿ."

"ಬೇರೆಯವ್ರ ಪ್ಲಾನ್ ಹಿಡ್ಕೊಂಡು ನಾನು ಅಲ್ಲಿ ನಿಲ್ಲೋದಾ?"

"ನಾನು ಬೇರೆಯವ್ರ ಕಾಯಿಲೆ ಬರ್ಕೊಂಡು ಕೂರಲ್ವಾ?"

ಅವಳು ಚುಚ್ಚಲು ಹೇಳಿದ್ದಲ್ಲ. ಸುಮ್ಮನೆ ಇದ್ದದ್ದನ್ನು ಹೇಳಿದಳು.

ಆಫೀಸು ಖಾಲಿ ಮಾಡಿದ ದಿನ ಗೆಳೆಯ ತನ್ನ ವ್ಯಾನು ಕಳಿಸಿದ, ತಾನೂ ಬಂದ. ಇಬ್ಬರೂ ಮೇಜಿನ ಎರಡು ತುದಿ ಹಿಡಿದು ಮೆಟ್ಟಿಲು ಇಳಿಸಿದೆವು. ಹಳೆಯ ಪ್ಲಾನುಗಳ ಸುರುಳಿಗಳನ್ನು ಏನು ಮಾಡುವುದೆಂದು ಅವನು ಕೇಳಿದ. ರದ್ದಿಗೆ ಹಾಕು ಎಂದೆ. ಅವನು ಹಾಕಲಿಲ್ಲ, ವ್ಯಾನಿನಲ್ಲಿ ತುಂಬಿಸಿ ತನ್ನ ಮನೆಗೆ ಒಯ್ದ. ಕಂಪ್ಯೂಟರು ನಮ್ಮ ಮನೆಯ ಮಂಚದ ಪಕ್ಕ ಬಂದು ಕೂತಿತು. ಹೆಂಡತಿ ಅದರ ಮೇಲೆ ಒಗೆದ ಟವಲು ಹೊದಿಸಿದ್ದಾಳೆ. ಅದನ್ನು ಹಾಕಿ ಎಷ್ಟೋ ತಿಂಗಳಾಯಿತು.

ಈಗ ನಾನು ಬೆಳಿಗ್ಗೆ ಎಂಟಕ್ಕೆ ಉತ್ತರಹಳ್ಳಿಗೆ ಹೋಗುತ್ತೇನೆ. ಮೂರನೇ ಮಹಡಿಯ ತಾರಸಿಯ ಮೋಲ್ಡ್ ಆಗಿದೆ. ಬಂದ ಸಿಮೆಂಟು ಮೂಟೆ ಎಣಿಸುತ್ತೇನೆ, ಕಂಬಿಯ ನಡುವಿನ ಅಂತರ ಅಳೆಯುತ್ತೇನೆ, ಮೋಲ್ಡಿನ ಮೇಲೆ ನೀರು ನಿಲ್ಲಿಸಿದ್ದಾರೋ ಎಂದು ಹತ್ತಿ ನೋಡುತ್ತೇನೆ. ಗೆಳೆಯ ಹನ್ನೊಂದರ ಸುಮಾರಿಗೆ ಬರುತ್ತಾನೆ. ಮೊದಮೊದಲು ಎಲ್ಲರೆದುರೂ ಮಗಾ ಎನ್ನುತ್ತಿದ್ದ. ಕೆಲಸದವರು ನನ್ನ ಮಾತು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಕಂಡ ಮೇಲೆ, ನನಗೆ ಮರ್ಯಾದೆ ಇರಲಿ ಎಂದೇ, "ಇವ್ರನ್ನ ಕೇಳಿ, ಇವ್ರು ಹೇಳ್ದಂಗ್ ಮಾಡಿ" ಎನ್ನತೊಡಗಿದ. ಈಗ ಇಬ್ಬರೇ ಇದ್ದಾಗಲೂ ಅವನ ಬಾಯಿಗೆ ಮಗಾ ಬರುವುದಿಲ್ಲ. ನನಗೂ ಹಾಗೇ ಆಗಿದೆ. ಒಂದು ದಿನ ಜಲ್ಲಿಯ ಲಾರಿ ಬಂದಾಗ ಮೇಸ್ತ್ರಿಯ ಎದುರೇ ಅವನಿಗೆ ಫೋನ್ ಮಾಡಿ, "ಸಾರ್, ಜಲ್ಲಿ ಬಂತು," ಎಂದುಬಿಟ್ಟೆ. ಆ ಕಡೆಯಿಂದ "ಇಳಿಸ್ಕೊಳ್ಳಿ" ಎಂದು ಕೇಳಿಸಿತು.

ಹೋದ ವಾರ ಮೂರರಿಂದ ನಾಲ್ಕಕ್ಕೆ ಹೋಗುವ ಮೆಟ್ಟಿಲಿನ ಪ್ಲಾನು ನೋಡುತ್ತಿದ್ದೆ. ತಿರುವಿನಲ್ಲಿ ಮೇಲಿನ ತೊಲೆ ಬಹಳ ಕೆಳಗೆ ಬರುತ್ತಿತ್ತು. ಎತ್ತರದವರು ಇಳಿದರೆ ಹಣೆ ಬಡಿಯುತ್ತದೆ. ಮೂರು ಸಲ ಲೆಕ್ಕ ಹಾಕಿದೆ. ತಪ್ಪು ಪ್ಲಾನು ಬರೆದವರದೇ. ಕಾಗದದ ಮೂಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಂದು ಹೆಣ್ಣುಮಗಳು ತೆಗೆದಳು. ಎಳೆಯ ದನಿ. ನಾನು ತೊಲೆಯ ಆಳ, ಮೆಟ್ಟಿಲಿನ ಏರು, ಎಲ್ಲ ಬಿಡಿಸಿ ಬಿಡಿಸಿ ಹೇಳಿದೆ. ಹೇಳಿ ಮುಗಿಸಲು ಮನಸ್ಸೇ ಬರಲಿಲ್ಲ.

"ಒಂದ್ ನಿಮ್ಷ ಅಂಕಲ್, ನೋಡ್ತೀನಿ," ಎಂದಳು. ಕೀಲಿಗಳ ಸದ್ದು ಕೇಳಿಸಿತು. "ಹೌದು ಅಂಕಲ್, ಕರೆಕ್ಟ್. ತೊಲೆ ಆ ಕಡೆ ಶಿಫ್ಟ್ ಮಾಡಿದೀನಿ. ನಿಮ್ ಮೊಬೈಲಿಗೆ ಬಂತು ನೋಡಿ."

ಬಂದಿತ್ತು. ಇಡೀ ಮಹಡಿ, ಮೆಟ್ಟಿಲು, ತೊಲೆ, ಎಲ್ಲವೂ ಸರಿಯಾಗಿ. ನಾನು ಕನ್ನಡಕ ಏರಿಸಿ ಅಳತೆಗಳನ್ನು ನೋಡುವಷ್ಟರಲ್ಲಿ ಅವಳು "ಥ್ಯಾಂಕ್ಸ್ ಅಂಕಲ್" ಎಂದು ಫೋನ್ ಇಟ್ಟಿದ್ದಳು. ಮೇಸ್ತ್ರಿ ಏನಂತೆ ಎಂದು ಕೇಳಿದ. ಏನಿಲ್ಲ, ತೊಲೆ ಸ್ವಲ್ಪ ಆ ಕಡೆ ಎಂದೆ. ಅವನು ಸರಿ ಎಂದು ತೊಲೆಯ ಗುರುತಿಗೆ ದಾರ ಕಟ್ಟಲು ಹೋದ. ನಾನು ಅದರ ಇನ್ನೊಂದು ತುದಿ ಹಿಡಿದುಕೊಂಡೆ.